ಕ್ಯಾಲಿಪರ್ ಬಿಚ್ಚುವಾಗ ಬ್ರೇಕ್ ಆಯಿಲ್ ಸೋರದಂತೆ ತಡೆಯುವುದು ಹೇಗೆ?

ಕ್ಯಾಲಿಪರ್ ಎಂದರೆ ಚಕ್ರದ ಡಿಸ್ಕನ್ನು ಪ್ಯಾಡ್‌ಗಳಿಂದ ಅದುಮಿ ಹಿಡಿಯುವ ಬ್ರೇಕಿನ ಭಾಗ. ಅದಕ್ಕೆ ಸೇರುವ ಹೋಸ್ ಬಿಚ್ಚಿದೊಡನೆ, ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿರುವ ಬ್ರೇಕ್ ಆಯಿಲ್ ತನ್ನ ಭಾರಕ್ಕೇ ಇಳಿದು ಹೊರಬರತೊಡಗುತ್ತದೆ. ಡಬ್ಬಿ ಬರಿದಾದರೆ ಗಾಳಿಯು ಪೆಡಲಿನ ಒತ್ತಡವನ್ನು ಆಯಿಲ್‌ಗೆ ದಾಟಿಸುವ ಮಾಸ್ಟರ್ ಸಿಲಿಂಡರ್ ಹೊಕ್ಕು, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಘಟಕದವರೆಗೂ ಹೋಗಬಹುದು. ಅಲ್ಲಿ ಸೇರಿದ ಗಾಳಿಯನ್ನು ತೆಗೆಯಲು ಹಲವು ಕಾರುಗಳಿಗೆ ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕಾಗುತ್ತದೆ.

ಹೋಸ್ ಬಿಚ್ಚಲೇಬೇಕೇ ಎಂಬುದನ್ನು ಮೊದಲು ನಿರ್ಧರಿಸಬೇಕು. ಪ್ಯಾಡ್ ಅಥವಾ ಡಿಸ್ಕ್ ಬದಲಿಸುವುದಷ್ಟೇ ಕೆಲಸವಾದರೆ ಅದರ ಅಗತ್ಯವಿಲ್ಲ. ಕ್ಯಾಲಿಪರನ್ನು ಕಳಚಿ, ಅದರ ಭಾರ ಹೋಸಿನ ಮೇಲೆ ಬೀಳದಂತೆ ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗ್‌ಗೆ ಕಟ್ಟಿ ತೂಗುಹಾಕಿದರೆ ಒಂದು ಹನಿಯೂ ಹೋಗುವುದಿಲ್ಲ.

ಕ್ಯಾಲಿಪರನ್ನೇ ಹೊರತೆಗೆಯಬೇಕಾದಾಗ ಅತ್ಯಂತ ಸರಳವಾದ ಉಪಾಯವೆಂದರೆ ಬ್ರೇಕ್ ಪೆಡಲನ್ನು ಒತ್ತಿಹಿಡಿಯುವುದು. ಸೋರುವುದನ್ನು ತಡೆಯಲು ಪೆಡಲ್ ಒತ್ತುವುದೆಂದರೆ ವಿಚಿತ್ರವೆನಿಸಬಹುದು. ಆದರೆ ಪೆಡಲ್ ತುಸು ಕೆಳಗಿಳಿದಾಗ ಮಾಸ್ಟರ್ ಸಿಲಿಂಡರಿನೊಳಗಿನ ಪಿಸ್ಟನ್‌ನ ರಬ್ಬರ್ ಸೀಲ್ ಮುಂದೆ ಸರಿದು, ಡಬ್ಬಿಯಿಂದ ಆಯಿಲ್ ಇಳಿಯುವ ಸಣ್ಣ ರಂಧ್ರವನ್ನು ದಾಟಿ ನಿಲ್ಲುತ್ತದೆ. ಮೇಲಿನ ಆಯಿಲ್‌ಗೆ ಕೆಳಗೆ ಬರಲು ದಾರಿಯೇ ಉಳಿಯುವುದಿಲ್ಲ. ಪೆಡಲನ್ನು ಪೂರ್ತಿ ತುಳಿಯಬೇಕಿಲ್ಲ, ಸುಮಾರು 3 ಸೆಂಟಿಮೀಟರ್ ಸಾಕು.

ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಕಾರನ್ನು ಜಾಕ್‌ನಿಂದ ಎತ್ತಿ, ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ ಚಕ್ರವನ್ನು ಬಿಚ್ಚಿರಿ. ಎಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಬಾರಿ ತುಳಿದು ಪೆಡಲ್ ಒತ್ತಲು ನೆರವಾಗುವ ಬೂಸ್ಟರಿನಲ್ಲಿ ಉಳಿದಿರುವ ನಿರ್ವಾತವನ್ನು ಕಳೆಯಿರಿ. ಆನಂತರ ಪೆಡಲ್ ಮತ್ತು ಸೀಟಿನ ನಡುವೆ ಮರದ ಕೋಲನ್ನು ಬಿಗಿಯಾಗಿ ಸಿಕ್ಕಿಸಿ, ಪೆಡಲ್ ಕೆಳಗೇ ನಿಲ್ಲುವಂತೆ ಮಾಡಿರಿ. ಬ್ರೇಕ್ ಲೈಟ್ ಗಂಟೆಗಟ್ಟಲೆ ಉರಿದು ಬ್ಯಾಟರಿ ಇಳಿಯದಿರಲು ಅದರ ಫ್ಯೂಸ್ ತೆಗೆದಿಡುವುದು ಒಳ್ಳೆಯದು. ಪೆಡಲಿಗೂ ಮಾಸ್ಟರ್ ಸಿಲಿಂಡರಿಗೂ ನೇರ ಸಂಪರ್ಕವಿಲ್ಲದ, ವಿದ್ಯುತ್ ಪಂಪ್‌ನಿಂದ ಒತ್ತಡ ಪಡೆಯುವ ಕೆಲವು ಹೈಬ್ರಿಡ್ ಕಾರುಗಳಿಗೆ ಈ ಉಪಾಯ ಹೊಂದುವುದಿಲ್ಲ. ಅವುಗಳಿಗೆ ತಯಾರಕರ ಕೈಪಿಡಿಯೇ ಆಧಾರ.

ಈಗ ಕ್ಯಾಲಿಪರಿನಲ್ಲಿ ಗಾಳಿ ಹೊರಬಿಡಲು ಇರುವ ಬ್ಲೀಡರ್ ನಿಪ್ಪಲ್‌ಗೆ ಪೈಪ್ ಸಿಕ್ಕಿಸಿ, ಒಮ್ಮೆ ಸಡಿಲಿಸಿ, ಪೆಡಲ್ ಒತ್ತಿದ್ದರಿಂದ ಉಳಿದಿರುವ ಒತ್ತಡವನ್ನು ಬಾಟಲಿಗೆ ಇಳಿಸಿ ಮತ್ತೆ ಮುಚ್ಚಿರಿ. ಈ ಹಂತವನ್ನು ಬಿಟ್ಟರೆ ಹೋಸನ್ನು ಕ್ಯಾಲಿಪರಿಗೆ ಜೋಡಿಸುವ ಬ್ಯಾಂಜೊ ಬೋಲ್ಟ್ ಬಿಚ್ಚಿದ ಕ್ಷಣ ಆಯಿಲ್ ಮುಖಕ್ಕೆ ಚಿಮ್ಮಬಹುದು. ರಕ್ಷಣಾ ಕನ್ನಡಕ ಹಾಕಿಕೊಂಡಿರುವುದು ಕಡ್ಡಾಯ. ಬೋಲ್ಟ್ ತೆಗೆದ ಮೇಲೆ ಹೋಸಿನ ತುದಿಯ ಕಣ್ಣಿಗೆ ಎರಡೂ ಬದಿಯಿಂದ ರಬ್ಬರ್ ವಾಷರ್ ಇಟ್ಟು, ಸಣ್ಣ ಬೋಲ್ಟ್ ಮತ್ತು ನಟ್‌ನಿಂದ ಬಿಗಿಯಿರಿ. ಅದರಿಂದ ಧೂಳೂ ಒಳಗೆ ಸೇರದು.

ಹೋಸನ್ನೇ ಕ್ಲ್ಯಾಂಪ್‌ನಿಂದ ಅದುಮುವ ರೂಢಿಯೂ ಇದೆ. ಹಳೆಯ ಹೋಸಿನ ಒಳಪದರ ಇದರಿಂದ ಬಿರಿಯುವ ಅಪಾಯವಿರುವುದರಿಂದ ಅದನ್ನು ಸಲಹೆ ಮಾಡಲಾಗದು. ಉಕ್ಕಿನ ಹೆಣಿಗೆಯ ಹೋಸ್‌ಗಂತೂ ಕ್ಲ್ಯಾಂಪ್ ಸಲ್ಲದು.

ಮರುಜೋಡಣೆಯಲ್ಲಿ ಹಳೆಯ ತಾಮ್ರದ ವಾಷರ್‌ಗಳನ್ನು ಬಳಸದೆ ಎರಡು ಹೊಸವನ್ನೇ ಹಾಕಿ, ಬೋಲ್ಟನ್ನು ಕೈಪಿಡಿ ಹೇಳಿದಷ್ಟೇ ಬಿಗಿಯಬೇಕು. ಕೋಲನ್ನು ತೆಗೆಯುವುದು ಆಮೇಲೆ. ಮೊದಲೇ ಪೆಡಲ್ ಬಿಟ್ಟರೆ ಮುಚ್ಚಿದ್ದ ರಂಧ್ರ ತೆರೆದುಕೊಳ್ಳುತ್ತದೆ. ಡಬ್ಬಿ ಬರಿದಾಗದಿದ್ದರೆ ಸಾಮಾನ್ಯವಾಗಿ ಆ ಒಂದು ಚಕ್ರದ ಗಾಳಿ ತೆಗೆದರೆ ಸಾಕು. ಆಯಿಲ್ ತುಂಬುವಾಗ ಮುಚ್ಚಳದ ಮೇಲೆ ಬರೆದ ಡಾಟ್ ಸಂಖ್ಯೆಯದನ್ನೇ, ಸೀಲ್ ಒಡೆಯದ ಡಬ್ಬಿಯಿಂದ ಬಳಸಿರಿ: ಡಾಟ್ 3 ಮತ್ತು ಡಾಟ್ 4 ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಪೇಂಟ್ ಮೇಲೆ ಬಿದ್ದರೆ ಅದನ್ನು ಕರಗಿಸುತ್ತದೆ. ಬಿದ್ದ ತಕ್ಷಣ ಧಾರಾಳ ನೀರು ಸುರಿದು ತೊಳೆಯಿರಿ. ಕೊನೆಗೆ ಮತ್ತೊಬ್ಬರಿಂದ ಪೆಡಲನ್ನು ಬಲವಾಗಿ ತುಳಿಸಿ, ಬ್ಯಾಂಜೊ ಬೋಲ್ಟಿನ ಸುತ್ತ ಒಣ ಕಾಗದ ಒತ್ತಿ ತೇವ ಕಾಣುತ್ತದೆಯೇ ಎಂದು ನೋಡಿರಿ. ಪೆಡಲ್ ಮೆತ್ತಗಿದ್ದರೆ ಗಾಳಿ ಇನ್ನೂ ಉಳಿದಿದೆ, ಕಾರು ರಸ್ತೆಗಿಳಿಯಬಾರದು.