ಕೆನಡಾ ಪಿಆರ್: ಹೋಟೆಲ್ ಮ್ಯಾನೇಜರ್ ಆಗಿ ನಾನು ಕಾಗದ ಕೂಡಿಸಿದ ಬಗೆ

ಗಲ್ಫ್‌ನ ಒಂದು ಹೋಟೆಲಿನಲ್ಲಿ ನಾಲ್ಕು ವರ್ಷ ಫ್ರಂಟ್ ಆಫೀಸ್ ಮ್ಯಾನೇಜರ್ ಆಗಿದ್ದೆ. ಕೆಲಸ ಬಿಡುವಾಗ ಎಚ್‌ಆರ್‌ನವರು ಕೊಟ್ಟ ಪತ್ರದಲ್ಲಿ ಇದ್ದದ್ದು ಎರಡೇ ಸಾಲು. ಇಂಥ ದಿನದಿಂದ ಇಂಥ ದಿನದವರೆಗೆ ಇಲ್ಲಿ ಕೆಲಸ ಮಾಡಿದ್ದಾರೆ, ಒಳ್ಳೆಯದಾಗಲಿ, ಅಷ್ಟೇ. ಸುಮ್ನೆ ಬ್ಯಾಗಿಗೆ ಹಾಕಿಕೊಂಡು ಬಂದುಬಿಟ್ಟೆ. ಆ ಎರಡು ಸಾಲು ಮುಂದೆ ಮೂರು ತಿಂಗಳು ನನ್ನ ನಿದ್ದೆ ಕೆಡಿಸಿದವು.

ಪಿಆರ್ ಎಂದರೆ ಕೆನಡಾದಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ. ಅದಕ್ಕೆ ಅಲ್ಲಿನ ಇಮಿಗ್ರೇಷನ್‌ಗೆ ನಿಮ್ಮ ಹುದ್ದೆಯ ಹೆಸರು ಸಾಲದು. ದಿನಾ ಏನು ಮಾಡುತ್ತಿದ್ದಿರಿ ಎಂಬುದು ಬೇಕು. ಅಲ್ಲಿ ಪ್ರತಿ ಉದ್ಯೋಗಕ್ಕೂ ಒಂದು ಎನ್‌ಒಸಿ ಕೋಡ್ ಇದೆ, ಅಂದರೆ ಸರ್ಕಾರದ ಉದ್ಯೋಗ ಪಟ್ಟಿಯ ಸಂಖ್ಯೆ. ಹೋಟೆಲ್, ಲಾಡ್ಜ್ ನಡೆಸುವ ಮ್ಯಾನೇಜರ್‌ಗಳಿಗೆ 60031, ರೆಸ್ಟೋರೆಂಟ್ ಮ್ಯಾನೇಜರ್‌ಗಳಿಗೆ 60030. ಇವೆರಡೂ ಟಿಯರ್ 0. ಟಿಯರ್ ಎಂದರೆ ಕೆಲಸಕ್ಕೆ ಬೇಕಾದ ಓದು, ತರಬೇತಿ, ಹೊಣೆಯ ಮಟ್ಟ. 0 ಮ್ಯಾನೇಜರ್‌ಗಳದು, ಸಂಖ್ಯೆ ಏರಿದಂತೆ ಮಟ್ಟ ಇಳಿಯುತ್ತದೆ. ಫುಡ್ ಸರ್ವಿಸ್ ಸೂಪರ್‌ವೈಸರ್ ಟಿಯರ್ 2. ಹೋಟೆಲಿನ ಫ್ರಂಟ್ ಡೆಸ್ಕ್ ಕ್ಲರ್ಕ್ ಟಿಯರ್ 4. ಟಿಯರ್ 4ರ ಅನುಭವ, ಅಂಕ ಹಾಕಿ ಪಿಆರ್‌ಗೆ ಜನರನ್ನು ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಚೆಕ್ ಇನ್ ಮಾಡಿಸುತ್ತಿದ್ದರು, ಬಿಲ್ ಮಾಡುತ್ತಿದ್ದರು ಎಂದಷ್ಟೇ ಪತ್ರದಲ್ಲಿದ್ದರೆ, ಮೇಲೆ ಮ್ಯಾನೇಜರ್ ಎಂದಿದ್ದರೂ ಅಧಿಕಾರಿಗೆ ನೀವು ಕ್ಲರ್ಕ್ ಆಗಿಯೇ ಕಾಣಬಹುದು. ಬಜೆಟ್ ಮಾಡಿದ್ದು, ರೂಮ್ ದರ ನಿಗದಿ ಮಾಡಿದ್ದು, ಜನರನ್ನು ಕೆಲಸಕ್ಕೆ ತೆಗೆದುಕೊಂಡಿದ್ದು, ಡ್ಯೂಟಿ ಹಾಕಿದ್ದು, ಸಪ್ಲೈಯರ್‌ಗಳ ಜೊತೆ ಮಾತಾಡಿ ಒಪ್ಪಂದ ಮಾಡಿಕೊಂಡಿದ್ದು: ಇವೆಲ್ಲ ಬರೆದಿರಬೇಕು. ವಾರಕ್ಕೆ ಎಷ್ಟು ಗಂಟೆ, ವರ್ಷದ ಸಂಬಳ, ಸಹಿ ಹಾಕಿದವರ ಹೆಸರು ಮತ್ತು ಸಂಪರ್ಕ, ಕಂಪನಿಯ ಲೆಟರ್‌ಹೆಡ್ ಕೂಡ ಬೇಕು.

ನಾನು ಹಳೆಯ ಹೋಟೆಲಿಗೆ ಹನ್ನೊಂದು ಮೇಲ್ ಕಳಿಸಿದೆ. ನಮ್ಮ ಮಾದರಿ ಇಷ್ಟೇ ಎಂದರು. ಕೊನೆಗೆ ಸಂಬಳ ಮತ್ತು ಗಂಟೆಗಳನ್ನು ಸೇರಿಸಿದ ಒಂದು ಪತ್ರ ಬಂತು. ಕೆಲಸದ ವಿವರ ಮಾತ್ರ ಇಲ್ಲ. ಆಗ ನನ್ನ ಮೇಲಿದ್ದ ಜನರಲ್ ಮ್ಯಾನೇಜರ್ ಬೇರೆ ಕಡೆ ಹೋಗಿದ್ದರು. ಅವರನ್ನು ಹುಡುಕಿ, ನಾನು ಏನೇನು ಮಾಡುತ್ತಿದ್ದೆ ಎಂದು ಬರೆಸಿ ಸಹಿ ಹಾಕಿಸಿಕೊಂಡೆ. ಜೊತೆಗೆ ನೇಮಕಾತಿ ಕರಾರು, ಸಂಬಳದ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಎರಡು ವರ್ಷದ ಅಪ್ರೈಸಲ್ ಇಟ್ಟೆ. ಲೆಟರ್‌ಹೆಡ್‌ನ ವಿವರವಾದ ಪತ್ರ ಏಕೆ ಇಲ್ಲ ಎಂದು ಒಂದು ಪುಟದ ವಿವರಣೆಯನ್ನೂ ಸೇರಿಸಿದೆ.

ಇನ್ನೊಂದು ತಪ್ಪು ಲೆಕ್ಕ ನಮ್ಮ ಫೀಲ್ಡ್‌ನಲ್ಲಿ ಜಾಸ್ತಿ. ವಾರಕ್ಕೆ 60 ಗಂಟೆ ದುಡಿದರೆ ಆರು ತಿಂಗಳಿಗೇ ಒಂದು ವರ್ಷದ ಅನುಭವ ಆಗುತ್ತದೆ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ವಾರಕ್ಕೆ 30 ಗಂಟೆ, ವರ್ಷಕ್ಕೆ 1,560 ಗಂಟೆ. 30ರ ಮೇಲಿನದು ಎಣಿಕೆಗೆ ಇಲ್ಲ.

ನಾನು ಕೆನಡಾಕ್ಕೆ ಬಂದದ್ದು 2022ರ ಫೆಬ್ರವರಿಯಲ್ಲಿ, ಎಲ್‌ಎಂಐಎ ಆಧಾರದ ವರ್ಕ್ ಪರ್ಮಿಟ್ ಮೇಲೆ. ಎಲ್‌ಎಂಐಎ ಎಂದರೆ ಹೊರಗಿನವರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಮಾಲೀಕರಿಗೆ ಸರ್ಕಾರ ಕೊಡುವ ಒಪ್ಪಿಗೆ. ಇಲ್ಲಿನ ಜನ ಸಿಗಲಿಲ್ಲ ಎಂದು ಮಾಲೀಕರು ತೋರಿಸಬೇಕು, ಆಮೇಲೆಯೇ ಹೊರಗಿನವರಿಗೆ ಜಾಗ. ಒಂದು ಹುದ್ದೆಗೆ ಅರ್ಜಿ ಶುಲ್ಕ 1,000 ಕೆನಡಿಯನ್ ಡಾಲರ್. ಅದನ್ನು ಮಾಲೀಕರೇ ಕಟ್ಟಬೇಕು, ಕೆಲಸಗಾರರಿಂದ ವಸೂಲಿ ಮಾಡುವಂತಿಲ್ಲ. ನನಗೆ ಮೊದಲು ಸಿಕ್ಕ ಏಜೆಂಟ್ ಒಬ್ಬರು ಎಲ್‌ಎಂಐಎಗೆ ಅಂತ ದೊಡ್ಡ ಮೊತ್ತ ಕೇಳಿದರು. ಆ ಕೆಲಸವನ್ನೇ ಬಿಟ್ಟೆ. ಮತ್ತೊಂದು ಸಿಗಲು ಏಳು ತಿಂಗಳು ಹಿಡಿಯಿತು. ಆದರೂ ದಯವಿಟ್ಟು ಕೊಡಬೇಡಿ. ಹೀಗೆ ಕೊಂಡ ಕೆಲಸದಲ್ಲಿ ನಿಮ್ಮ ಪರ್ಮಿಟ್ ಅದೇ ಮಾಲೀಕರಿಗೆ ಕಟ್ಟಿಹಾಕಿರುತ್ತದೆ. ಅವರು ಕಿರುಕುಳ ಕೊಟ್ಟರೂ ಹೊಸ ಪರ್ಮಿಟ್ ಇಲ್ಲದೆ ಬೇರೆ ಕಡೆ ಹೋಗುವುದು ಕಷ್ಟ.

ಒಂದು ವರ್ಷ ಕಳೆದ ಮೇಲೆ ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್‌ಗೆ, ಅಂದರೆ ಕೆನಡಾದಲ್ಲೇ ದುಡಿದ ಅನುಭವ ಇರುವವರಿಗೆ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿರುವ ದಾರಿಗೆ, ಅರ್ಹನಾದೆ. ಅಷ್ಟರಲ್ಲಿ, 2022ರ ನವೆಂಬರ್ 16ರಂದು ಕೋಡ್‌ಗಳೇ ಬದಲಾಗಿದ್ದವು. ನನ್ನ ಹಳೆಯ 0632 ಹೋಗಿ 60031 ಬಂದಿತ್ತು. ಪ್ರೊಫೈಲ್ ತಿದ್ದಿದೆ. ಐಇಎಲ್‌ಟಿಎಸ್ ರೈಟಿಂಗ್‌ನಲ್ಲಿ 6.5 ಬಂದಿತ್ತು. ಮತ್ತೆ ಬರೆದು 7 ತಂದೆ. ಅರ್ಧ ಅಂಕ ಅಲ್ವಾ ಎನಿಸಬಹುದು. ಆದರೆ ನಾಲ್ಕೂ ಭಾಗದಲ್ಲಿ ಸಿಎಲ್‌ಬಿ (ಕೆನಡಾದ ಭಾಷಾ ಮಟ್ಟದ ಅಳತೆ) 9 ಮುಟ್ಟಿದರೆ ಓದು ಮತ್ತು ಅನುಭವಕ್ಕೆ ಸಿಗುವ ಹೆಚ್ಚುವರಿ ಅಂಕಗಳೂ ಏರುತ್ತವೆ. 2023ರ ಏಪ್ರಿಲ್‌ನಲ್ಲಿ ಪಿಆರ್‌ಗೆ ಅರ್ಜಿ ಹಾಕಲು ಆಹ್ವಾನ ಬಂತು. ನನಗೆ ಆಗ ಉದ್ಯೋಗದ ಆಫರ್‌ಗೆ 50 ಅಂಕ ಸಿಕ್ಕಿತ್ತು. 2025ರ ಮಾರ್ಚ್ 25ರಿಂದ ಆ ಅಂಕ ಇಲ್ಲ. ಈಗ ಬರುವವರು ಅದನ್ನು ನಂಬಿ ಲೆಕ್ಕ ಹಾಕಬೇಡಿ, ಪ್ರಾಂತ್ಯದ ಸರ್ಕಾರವೇ ನಿಮ್ಮ ಹೆಸರು ಸೂಚಿಸುವ ನಾಮಿನೇಷನ್ ಕಡೆಗೂ ನೋಡಿ. ಅದಕ್ಕೆ 600 ಅಂಕ.

ಆಹ್ವಾನ ಬಂದ ಮೇಲೆ 60 ದಿನ ಮಾತ್ರ ಸಮಯ. ಹಿಂದಿನ ಹತ್ತು ವರ್ಷದಲ್ಲಿ ಸತತ ಆರು ತಿಂಗಳು ಅಥವಾ ಹೆಚ್ಚು ಇದ್ದ ಪ್ರತಿ ದೇಶದ ಪೊಲೀಸ್ ಸರ್ಟಿಫಿಕೇಟ್ ಬೇಕು. ಊರೂರು ತಿರುಗುವ ನಮ್ಮಂಥವರಿಗೆ ಇದು ದೊಡ್ಡ ತಲೆನೋವು. ಗಲ್ಫ್‌ನದು ನನ್ನ ಕೈಗೆ ಬಂದದ್ದು 51ನೇ ದಿನ.

ಮನೆಯವರ ವಿಷಯಕ್ಕೂ ಕೋಡ್ ಮುಖ್ಯ. 2025ರ ಜನವರಿ 21ರಿಂದ, ವಿದೇಶಿ ಕೆಲಸಗಾರರ ಸಂಗಾತಿಗೆ ಓಪನ್ ವರ್ಕ್ ಪರ್ಮಿಟ್ (ಒಬ್ಬ ಮಾಲೀಕರಿಗೆ ಕಟ್ಟಿಹಾಕದ ಪರ್ಮಿಟ್) ಬೇಕಾದರೆ ಆ ಕೆಲಸಗಾರರ ಕೆಲಸ ಟಿಯರ್ 0 ಅಥವಾ 1 ಇರಬೇಕು. ಟಿಯರ್ 2, 3ರಲ್ಲಿ ಆಯ್ದ ಕೆಲವು ಕೆಲಸಗಳಿಗಷ್ಟೇ ಅವಕಾಶ.

ಈಗ ನನ್ನ ಹೋಟೆಲಿನಲ್ಲಿ ಯಾರಾದರೂ ಕೆಲಸ ಬಿಟ್ಟರೆ ಪತ್ರ ನಾನೇ ಕೂತು ಬರೆಯುತ್ತೇನೆ. ಕೆಲಸಗಳ ಪಟ್ಟಿ, ಗಂಟೆ, ಸಂಬಳ, ನನ್ನ ಫೋನ್ ನಂಬರ್. ಹೋದ ವಾರ ಒಬ್ಬ ಸೂಪರ್‌ವೈಸರ್ ಹುಡುಗಿ ಇಷ್ಟು ಉದ್ದ ಯಾಕೆ ಸರ್ ಎಂದು ಕೇಳಿದಳು. ಮೂರು ಪ್ರತಿ ಇಟ್ಟುಕೋ ಎಂದೆ.