ಬುಲೀಡ್ ಅವರ ‘ಲೀಡರ್’ ಎಂಜಿನ್ನನ್ನು ಲೆಗೋದಲ್ಲಿ ಕಟ್ಟಿದ ಬಗೆ

ಇಂಗ್ಲೆಂಡಿನ ಬ್ರೈಟನ್ ಕಾರ್ಖಾನೆಯಿಂದ 1949ರಲ್ಲಿ ಹೊರಬಂದ 36001 ಸಂಖ್ಯೆಯ ‘ಲೀಡರ್’ ನೋಡುವವರ ಕಣ್ಣಿಗೆ ಡೀಸೆಲ್ ಎಂಜಿನ್ನಿನಂತೆ ಕಂಡರೂ ಕಲ್ಲಿದ್ದಲು ಉರಿಸಿ ಓಡುತ್ತಿದ್ದ ಉಗಿ ಎಂಜಿನ್ನೇ ಆಗಿತ್ತು. ಎಂಜಿನ್ನನ್ನು ತಿರುಗಿಸಿ ನಿಲ್ಲಿಸುವ ಟರ್ನ್‌ಟೇಬಲ್ಲಿನ ಹಂಗಿಲ್ಲದೆ ಎರಡೂ ದಿಕ್ಕಿಗೆ ಸಮನಾಗಿ ಓಡಬೇಕೆಂದು ಅದರ ವಿನ್ಯಾಸಕಾರ ಆಲಿವರ್ ಬುಲೀಡ್ ಅವರು ಅದರ ಎರಡು ತುದಿಗಳಲ್ಲೂ ಚಾಲಕನ ಕೋಣೆಯನ್ನಿಟ್ಟರು. ಆ ಕೋಣೆಗಳ ನಡುವೆ ಓಡಾಡಲು ಓಣಿಯೊಂದು ಬೇಕಾದ್ದರಿಂದ ಬಾಯ್ಲರನ್ನು ಮಧ್ಯರೇಖೆಯಿಂದ ಒಂದು ಪಕ್ಕಕ್ಕೆ ಸರಿಸಿದರು. ಹೊರಗಿನಿಂದ ಕಾಣದ ಈ ಓರೆಯೇ ಲೀಡರಿನ ತಿರುಳು. ಮಾದರಿಯಲ್ಲಿ ಅದನ್ನು ಬಿಟ್ಟುಕೊಡಬಾರದೆಂದು ನಾನು ಮೊದಲೇ ನಿಶ್ಚಯಿಸಿದ್ದೆ.

ಲೆಗೋ ಇಟ್ಟಿಗೆಗಳ ಮೇಲಿನ ಗುಬುಟುಗಳಾದ ಸ್ಟಡ್‌ಗಳೇ ಇಲ್ಲಿ ಅಳತೆಯ ಘಟಕ. ಅಗಲವನ್ನು ಎಂಟು ಸ್ಟಡ್‌ಗಳೆಂದು ಇಟ್ಟುಕೊಂಡಾಗ, ಮೂಲ ಎಂಜಿನ್ನಿನ 67 ಅಡಿ ಉದ್ದಕ್ಕೆ ಸುಮಾರು ಅರವತ್ತು ಸ್ಟಡ್‌ಗಳು ಬೇಕಾದವು. ಎರಡು ಬದಿಯ ಗೋಡೆಗಳಿಗೆ ಒಂದೊಂದು ಸ್ಟಡ್ ಹೋದರೆ ಒಳಗೆ ಉಳಿಯುವುದು ಆರು. ಅದರಲ್ಲಿ ನಾಲ್ಕನ್ನು ಬಾಯ್ಲರಿಗೂ ಎರಡನ್ನು ಓಣಿಗೂ ಕೊಟ್ಟೆ. ಎರಡು ಸ್ಟಡ್ ಜಾಗದಲ್ಲಿ ಲೆಗೋ ಗೊಂಬೆಯೊಂದು ನೆಟ್ಟಗೆ ನಿಲ್ಲಬಲ್ಲದು. ಮೋಟಾರಿಗೆ ವಿದ್ಯುತ್ ಕೊಡುವ, ಆರು ಸಣ್ಣ ಬ್ಯಾಟರಿಗಳ ಲೆಗೋ ಪೆಟ್ಟಿಗೆಯಾದ ಪವರ್ಡ್ ಅಪ್ ಹಬ್ಬಿನ ಅಗಲವೂ ನಾಲ್ಕು ಸ್ಟಡ್ ಆದುದರಿಂದ, ಅದನ್ನು ಬಾಯ್ಲರಿನ ಸ್ಥಾನದಲ್ಲೇ ಕೂರಿಸಿದೆ.

ಹೀಗೆ ಮಾಡಿದಾಗ ಭಾರವೆಲ್ಲ ಒಂದು ಪಕ್ಕಕ್ಕೆ ಬೀಳುವುದು ಸಹಜ. ನಿಜವಾದ ಲೀಡರಿಗೂ ಇದೇ ತೊಂದರೆಯಿತ್ತು. ಓಣಿಯೊಳಗೆ ಗುಜರಿ ಲೋಹವನ್ನು ತುಂಬಿಸಿ, ಅದರ ಮೇಲೆ ನೆಲವನ್ನು ಎತ್ತರಿಸಿ ತೂಕ ಸರಿದೂಗಿಸಬೇಕಾಯಿತು. ನಾನೂ ಅದೇ ಉಪಾಯವನ್ನು ಅನುಸರಿಸಿ, ಲೆಗೋ ದೋಣಿಗಳ ತಳಕ್ಕೆ ಹಾಕುವ ತೂಕದ ತುಂಡುಗಳನ್ನು ಓಣಿಯ ನೆಲದಡಿ ಸಾಲಾಗಿ ಜೋಡಿಸಿ ಮೇಲೆ ನುಣುಪಾದ ಟೈಲ್‌ಗಳನ್ನು ಮುಚ್ಚಿದೆ. ಕೈಯಲ್ಲಿ ಎತ್ತಿ ಹಿಡಿದರೆ ಎಂಜಿನ್ ಈಗ ಯಾವ ಕಡೆಗೂ ವಾಲುವುದಿಲ್ಲ. ಪರಿಹಾರಕ್ಕಾಗಿ ಹೇರಿದ ಭಾರವೇ ಎಂಜಿನ್ನಿನ ತೂಕವನ್ನು ಹೆಚ್ಚಿಸಿ ಮತ್ತೊಂದು ಸಮಸ್ಯೆಯಾಗುವ ಬಗೆಯನ್ನು ನಾನು ಓದಿ ತಿಳಿದಿದ್ದೆನಾದರೂ, ಬೆರಳುಗಳಿಗೆ ಅದು ಗೊತ್ತಾದದ್ದು ಆಗಲೇ.

ಮೂಲದಲ್ಲಿ ಆರಾರು ಚಕ್ರಗಳ ಎರಡು ತಿರುಗುವ ಚೌಕಟ್ಟುಗಳಿದ್ದು, ಪ್ರತಿಯೊಂದಕ್ಕೂ ಮೂರು ಸಿಲಿಂಡರುಗಳಿದ್ದವು. ಅಚ್ಚುಗಳನ್ನು ಜೋಡಿಸುತ್ತಿದ್ದುದು ಎಣ್ಣೆಯಲ್ಲಿ ಮುಳುಗಿದ ಚೈನುಗಳು. ನನ್ನ ಮಾದರಿಯಲ್ಲಿ ಒಂದು ಚೌಕಟ್ಟಿಗೆ ಮಾತ್ರ ಶಕ್ತಿಯಿದೆ. ಮೋಟಾರಿನಿಂದ ಇಳಿಯುವ ಲಂಬ ದಂಡವು ಚೌಕಟ್ಟು ತಿರುಗುವ ಬಿಂದುವಿನಲ್ಲೇ ಹಾದು ನಡುವಿನ ಅಚ್ಚನ್ನು ತಿರುಗಿಸುತ್ತದೆ. ಅಲ್ಲಿಂದ ಎಡಗಡೆಯ ಚೈನು ಮುಂದಿನ ಅಚ್ಚಿಗೂ ಬಲಗಡೆಯದು ಹಿಂದಿನ ಅಚ್ಚಿಗೂ ಹೋಗುತ್ತದೆ. ಚೈನನ್ನು ಬಿಗಿಯಾಗಿ ಎಳೆದರೆ ಮೋಟಾರು ತಿಣುಕುತ್ತದೆ, ಆದ್ದರಿಂದ ಕೆಳಗಿನ ಎಳೆ ಸ್ವಲ್ಪ ಜೋತು ಬೀಳುವಷ್ಟು ಸಡಿಲ ಬಿಡಬೇಕು. ನಡುವಿನ ಚಕ್ರಗಳಿಗೆ, ಹಳಿಯ ಒಳಬದಿಗೆ ತಾಗುವ ಅಂಚಿಲ್ಲದವುಗಳನ್ನೇ ಬಳಸಿದ್ದರಿಂದ ಲೆಗೋದ ಸಾಮಾನ್ಯ ತಿರುವುಗಳಲ್ಲೂ ಎಂಜಿನ್ ಹಳಿ ತಪ್ಪದೆ ಸಾಗುತ್ತದೆ.

ಬಣ್ಣ ಬೂದು. ಛಾವಣಿಯನ್ನು ಕಳಚುವಂತೆ ಮಾಡಿದ್ದೇನೆ, ಏಕೆಂದರೆ ಬಾಯ್ಲರಿಗೂ ಕಲ್ಲಿದ್ದಲಿನ ಗೂಡಿಗೂ ನಡುವೆ ಫೈರ್‌ಮನ್ ನಿಂತು ಬೇಯುತ್ತಿದ್ದ ಇಕ್ಕಟ್ಟಾದ ಕೋಣೆಯನ್ನು ನೋಡದೆ ಈ ವಿನ್ಯಾಸ ಏಕೆ ಸೋತಿತೆಂದು ಅರ್ಥವಾಗುವುದಿಲ್ಲ. ಐದು ಎಂಜಿನ್ನುಗಳಿಗೆ ಆದೇಶವಿದ್ದರೂ ಪರೀಕ್ಷೆಗೆ ಓಡಿದ್ದು 36001 ಒಂದೇ. 1951ರಲ್ಲಿ ಅದನ್ನೂ ಗುಜರಿಗೆ ಹಾಕಿದರು.