ದೇವರ ಕನಿಕರ, ದೇವರ ಕೋಪ: ಎರಡನ್ನೂ ಒಟ್ಟಿಗೆ ಓದುವುದು ಹೇಗೆ

'ದೇವರು ಪ್ರೀತಿಸ್ವರೂಪಿ' ಎನ್ನುತ್ತದೆ ಯೋಹಾನನ ಮೊದಲನೆಯ ಪತ್ರ (4:8). 'ನಮ್ಮ ದೇವರು ದಹಿಸುವ ಅಗ್ನಿ' ಎನ್ನುತ್ತದೆ ಇಬ್ರಿಯರಿಗೆ ಬರೆದ ಪತ್ರ (12:29). ಎರಡೂ ಬೈಬಲಿನ ಹೊಸ ಒಡಂಬಡಿಕೆಯಲ್ಲೇ ಇವೆ. ನಾನು ನಡೆಸುವ ಬೈಬಲ್ ಅಧ್ಯಯನಕ್ಕೆ ಕಾನೂನು ಓದುವ ಹುಡುಗನೊಬ್ಬ ಬರುತ್ತಾನೆ. ಅವನು ಇದನ್ನು ತನ್ನ ಭಾಷೆಯಲ್ಲಿ ಕೇಳುತ್ತಾನೆ: "ತಪ್ಪು ಮಾಡಿದವನನ್ನು ಸುಮ್ನೆ ಬಿಟ್ಟರೆ ನ್ಯಾಯ ಎಲ್ಲಿ? ಬಿಡದೇ ಇದ್ದರೆ ಕನಿಕರ ಎಲ್ಲಿ?" ಒಳ್ಳೆಯ ಪ್ರಶ್ನೆ. 11ನೇ ಶತಮಾನದಲ್ಲಿ ಆನ್ಸೆಲ್ಮ್ ಎಂಬ ಕ್ರೈಸ್ತ ಚಿಂತಕರು ಕೂಡ ಇದನ್ನೇ ಕೇಳಿದ್ದರು, ಅದೂ ಪ್ರಾರ್ಥನೆಯಲ್ಲಿ, ದೇವರನ್ನೇ. ಹಾಗಾಗಿ ಇದನ್ನೆಲ್ಲ ಕೇಳಬಾರದು ಎಂದು ಯಾರಾದರೂ ಗದರಿದರೆ ತಲೆ ಕೆಡಿಸಿಕೊಳ್ಳಬೇಡಿ.

ನಾವು ಓದುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಬೇಕಾದದ್ದು ಒಂದು ಬೈಬಲ್, ಒಂದು ನೋಟ್‌ಬುಕ್, ಅವಸರವಿಲ್ಲದ ಒಂದು ಸಂಜೆ. ಕ್ಯಾಲೆಂಡರಿನಲ್ಲಿ ಅಚ್ಚಾದ ವಚನಗಳು ಈ ಕೆಲಸಕ್ಕೆ ಬರುವುದಿಲ್ಲ. ಅವನ್ನು ಸಾಮಾನ್ಯವಾಗಿ ಅರ್ಧಕ್ಕೇ ಕತ್ತರಿಸಿರುತ್ತಾರೆ.

ಒಂದೇ ಅಧ್ಯಾಯದಿಂದ ಶುರು ಮಾಡಿ

ಆದಿಕಾಂಡದ ಒಂದು ವಚನ, ಪ್ರಕಟನೆಯ ಒಂದು ವಚನ ಎಂದು ದೂರದೂರದ್ದನ್ನು ತಂದು ಹೋಲಿಸಬೇಡಿ. ಎರಡು ಮಾತೂ ಒಂದೇ ಅಧ್ಯಾಯದಲ್ಲಿರುವ ಕಡೆ ಹೋಗಿ. ಒಂದನೆಯ ಸಮುವೇಲ 15 ಇದಕ್ಕೆ ಹೇಳಿ ಮಾಡಿಸಿದಂತಿದೆ. 11ನೇ ವಚನದಲ್ಲಿ, ಮಾತು ಮೀರಿದ ಸೌಲನನ್ನು ಇಸ್ರಾಯೇಲಿನ ಅರಸನನ್ನಾಗಿ ಮಾಡಿದ್ದಕ್ಕೆ ದೇವರು ಪಶ್ಚಾತ್ತಾಪಪಡುತ್ತಾರೆ. 29ರಲ್ಲಿ, ದೇವರು ಪಶ್ಚಾತ್ತಾಪಪಡುವುದಿಲ್ಲ, ಅವರು ಮನುಷ್ಯನಲ್ಲ ಎಂದು ಪ್ರವಾದಿ ಸಮುವೇಲ ಸೌಲನಿಗೆ ಹೇಳುತ್ತಾನೆ. 35ರಲ್ಲಿ ಮತ್ತೆ, ದೇವರು ಪಶ್ಚಾತ್ತಾಪಪಟ್ಟರು ಎಂದಿದೆ. ಮೂರನ್ನೂ ಒಂದರ ಕೆಳಗೊಂದು ಬರೆಯಿರಿ. ಆರು ವಚನಗಳ ಹಿಂದೆ ತಾನೇ ಬರೆದದ್ದು ಬರೆದವನಿಗೆ ಮರೆತುಹೋಗಿರಲಿಕ್ಕಿಲ್ಲ, ಅಲ್ವಾ? ಬೇಕೆಂದೇ ಇಟ್ಟಿದ್ದಾನೆ.

ಈಗ ಪ್ರತಿ ವಚನದ ಪಕ್ಕದಲ್ಲಿ ಮೂರು ವಿಷಯ ಗುರುತು ಹಾಕಿ. ಯಾರು ಹೇಳುತ್ತಿದ್ದಾರೆ, ಯಾರಿಗೆ, ಯಾವ ಗಳಿಗೆಯಲ್ಲಿ. 29ನೇ ವಚನದ ಹೊತ್ತಿಗೆ ಸೌಲ ಸಮುವೇಲನ ನಿಲುವಂಗಿ ಹಿಡಿದು ಎಳೆದಿದ್ದಾನೆ, ಅದು ಹರಿದಿದೆ. ಅವನ ಅರಸುತನವನ್ನು ಕಿತ್ತುಕೊಳ್ಳುವ ತೀರ್ಮಾನವನ್ನು ಹೇಗಾದರೂ ತಿರುಗಿಸಬಹುದು ಎಂಬ ಆಸೆ ಅವನಿಗೆ. ಆ ಆಸೆಗೆ ಬಂದ ಉತ್ತರ ಅದು. 11 ಮತ್ತು 35ರಲ್ಲಿ ಇರುವುದು ದೇವರ ನೋವು. ನೋವೂ ಇದೆ, ತೀರ್ಮಾನವೂ ಗಟ್ಟಿಯಾಗಿದೆ. ಮನುಷ್ಯರಲ್ಲೇ ಈ ಎರಡೂ ಒಟ್ಟಿಗೆ ಇರುವುದನ್ನು ನೋಡಿದ್ದೇವೆ.

ಇದಾದ ಕೂಡಲೇ ಹೋಶೇಯ 11:8–9 ತೆಗೆಯಿರಿ. ನಾನು ತುಂಬ ಇಷ್ಟಪಡುವ ಜಾಗ ಇದು. 'ಎಫ್ರಾಯೀಮೇ, ನಿನ್ನನ್ನು ಹೇಗೆ ಕೈಬಿಡಲಿ?' ಎಂದು ಇಸ್ರಾಯೇಲರನ್ನು ಕರೆದು ದೇವರ ಕರುಳು ಮರುಗುತ್ತದೆ. ಆಮೇಲೆ ಅವರೇ ಕಾರಣ ಕೊಡುತ್ತಾರೆ: ನಾನು ಮನುಷ್ಯನಲ್ಲ, ದೇವರು, ಆದ್ದರಿಂದ ಕೋಪ ತೀರಿಸಿಕೊಳ್ಳುವುದಿಲ್ಲ. ಗಮನಿಸಿದಿರಾ? ದೇವರು ಮನುಷ್ಯನಲ್ಲ, ಹಾಗಾಗಿ ಮನಸ್ಸು ಬದಲಿಸುವುದಿಲ್ಲ ಎಂದ ಸಮುವೇಲ. ದೇವರು ಮನುಷ್ಯನಲ್ಲ, ಹಾಗಾಗಿಯೇ ಅವರ ಮನಸ್ಸು ಕರಗುತ್ತದೆ ಎನ್ನುತ್ತಾನೆ ಹೋಶೇಯ. ಕಾರಣ ಒಂದೇ. ನಮ್ಮ ಕಾನೂನಿನ ಹುಡುಗ ಅವತ್ತು ಪೆನ್ನು ಕೆಳಗಿಟ್ಟು ಎರಡನ್ನೂ ಮತ್ತೆ ಓದಿದ.

ಷರತ್ತು ಇದೆಯಾ ನೋಡಿ

ಕೆಲವು ವೈರುಧ್ಯಗಳು ಇಷ್ಟು ಕಷ್ಟ ಕೊಡುವುದಿಲ್ಲ. ಇನ್ನು 40 ದಿನಕ್ಕೆ ಅಶ್ಶೂರ್ಯರ ಪಟ್ಟಣವಾದ ನಿನೆವೆ ಹಾಳಾಗುತ್ತದೆ ಎಂದು ಪ್ರವಾದಿ ಯೋನ ಸಾರಿದ. ಜನ ಕೆಟ್ಟತನ ಬಿಟ್ಟು ತಿರುಗಿಕೊಂಡರು. ಹಾಳಾಗಲಿಲ್ಲ. ಹಾಗಾದರೆ ದೇವರು ಮಾತು ತಪ್ಪಿದರೇ? ಯೆರೆಮೀಯ 18:7–10 ಓದಿ. ಒಂದು ಜನಾಂಗವನ್ನು ಕೀಳುತ್ತೇನೆ ಎಂದ ಮೇಲೂ ಅದು ಕೆಟ್ಟತನ ಬಿಟ್ಟರೆ ನಾನೂ ಬಿಡುತ್ತೇನೆ ಎಂದು ದೇವರು ಮೊದಲೇ ಹೇಳಿಟ್ಟಿದ್ದಾರೆ. ಆಶೀರ್ವಾದಕ್ಕೂ ಅದೇ ಷರತ್ತು. ಎಚ್ಚರಿಕೆ ಕೊಡುವುದೇ ಜನ ತಿರುಗಲಿ ಎಂದು. ಇಷ್ಟಕ್ಕೇ ಮುಗಿಯುವ ಪ್ರಶ್ನೆಗಳನ್ನು ಇಲ್ಲೇ ಮುಗಿಸಿ, ಮುಂದಕ್ಕೆ ಎಳೆಯಬೇಡಿ.

ಒಂದು ವಚನದ ಬೆನ್ನು ಹತ್ತಿ

ಈ ಕ್ರಮದಲ್ಲಿ ಜಾಸ್ತಿ ಸಮಯ ಇಲ್ಲೇ ಹೋಗಲಿ. ವಿಮೋಚನಕಾಂಡ 34:6–7. ಇಸ್ರಾಯೇಲರು ಬಂಗಾರದ ಕರು ಮಾಡಿ ಕುಣಿದು, ಮೋಶೆ ದೇವರ ಆಜ್ಞೆಗಳ ಕಲ್ಲಿನ ಹಲಗೆ ಒಡೆದ ಮೇಲೆ, ದೇವರು ತಮ್ಮ ಗುಣವನ್ನು ತಾವೇ ಹೇಳಿಕೊಂಡ ಜಾಗ. ಮೊದಲ ಅರ್ಧದಲ್ಲಿ ಕನಿಕರ, ದಯೆ, ಬೇಗ ಕೋಪಿಸಿಕೊಳ್ಳದ ಶಾಂತಿ, ಸಾವಿರಾರು ತಲೆಮಾರಿಗೂ ಪ್ರೀತಿ, ಪಾಪದ ಕ್ಷಮೆ. ಎರಡನೇ ಅರ್ಧದಲ್ಲಿ, ಅಪರಾಧಿಯನ್ನು ಶಿಕ್ಷಿಸದೆ ಬಿಡುವುದಿಲ್ಲ, ತಂದೆಗಳ ದೋಷವನ್ನು ಮೂರು ನಾಲ್ಕು ತಲೆಗಳವರೆಗೆ ವಿಚಾರಿಸುತ್ತೇನೆ ಎಂಬ ಮಾತು. ನಡುವೆ 'ಆದರೂ' ಎನ್ನುವುದನ್ನು ಬಿಟ್ಟರೆ ವಿವರಣೆ ಇಲ್ಲ.

ಈ ಮಾತನ್ನು ಆಮೇಲೆ ಬಂದವರು ಹೇಗೆ ಬಳಸಿಕೊಂಡರು ಎಂದು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಅರಣ್ಯಕಾಂಡ 14ರಲ್ಲಿ ಜನ ಮತ್ತೆ ದಂಗೆಯೆದ್ದಾಗ ಮೋಶೆ ಇದನ್ನೇ ದೇವರ ಮುಂದಿಟ್ಟು ಬೇಡಿಕೊಳ್ಳುತ್ತಾನೆ. ಶಿಕ್ಷೆಯ ಭಾಗವನ್ನೂ ನುಂಗಿಬಿಡದೆ ಹೇಳುತ್ತಾನೆ. ಉತ್ತರದಲ್ಲೂ ಎರಡೂ ಇವೆ. ಕ್ಷಮಿಸಿದ್ದೇನೆ (20), ಆದರೆ ಆ ತಲೆಮಾರಿನವರು ವಾಗ್ದಾನದ ದೇಶವನ್ನು ನೋಡುವುದಿಲ್ಲ (23). ಕೀರ್ತನೆ 103 ಮೊದಲ ಅರ್ಧವನ್ನು ಹಾಡುತ್ತದೆ. ಯೋನನೋ ಅದೇ ಮೊದಲ ಅರ್ಧವನ್ನು ಹಿಡಿದು ಜಗಳಕ್ಕೆ ಬರುತ್ತಾನೆ (4:2). ನೀನು ಹೀಗೆ ಕರುಣೆ ತೋರಿಸುವವನೆಂದು ಗೊತ್ತಿದ್ದೇ ಓಡಿಹೋಗಿದ್ದೆ ಎನ್ನುತ್ತಾನೆ. ದೇವರ ಕನಿಕರವೇ ಅವನ ದೂರು! ನಹೂಮ 1:3ರಲ್ಲಿ ಅದೇ ನಿನೆವೆಯ ಬಗ್ಗೆ ಮಾತು, ಆದರೆ ಈಗ ಎರಡನೇ ಅರ್ಧದ ಸರದಿ. ಕ್ರಿ.ಪೂ. 612ರಲ್ಲಿ ಆ ಪಟ್ಟಣ ಬಿತ್ತು. ಎರಡು ಪುಸ್ತಕಗಳೂ ಪ್ರಶ್ನೆಯಲ್ಲೇ ಮುಗಿಯುತ್ತವೆ. ಯೋನನ ಪುಸ್ತಕ ಕೇಳುವುದು, ಒಂದು ಲಕ್ಷ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಜನರಿಗೆ ನಾನು ಕನಿಕರಪಡಬಾರದೇ ಎಂದು. ನಹೂಮನದು ಕೇಳುವುದು, ನಿನ್ನ ಕ್ರೌರ್ಯ ತಟ್ಟದವರು ಯಾರಿದ್ದಾರೆ ಎಂದು. ನಿನೆವೆಯ ಜನರ ಕಡೆಯಿಂದ ಒಮ್ಮೆ, ಅವರ ಕೈಯಲ್ಲಿ ನಲುಗಿದವರ ಕಡೆಯಿಂದ ಒಮ್ಮೆ ಓದಿ. ನೀವು ಎಲ್ಲಿ ನಿಂತಿದ್ದೀರಿ ಎಂಬುದರ ಮೇಲೆ ದೇವರ ಯಾವ ಗುಣ ಸಿಹಿ, ಯಾವುದು ಕಹಿ ಎಂಬುದು ಬದಲಾಗುತ್ತದೆ. ಅನ್ಯಾಯಕ್ಕೆ ಕೋಪವೇ ಬಾರದ ದೇವರು, ಏಟು ತಿಂದವನಿಗೆ ಯಾಕೆ ಬೇಕು?

ಮೂರು ನಾಲ್ಕು ತಲೆಗಳ ಮಾತನ್ನೂ ಬೈಬಲ್ ಅಲ್ಲಿಗೇ ಬಿಟ್ಟಿಲ್ಲ. ತಂದೆಗಳು ಹುಳಿ ದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತುಹೋಯಿತು ಎಂಬ ಗಾದೆಯನ್ನು ಜನ ನೆಪ ಮಾಡಿಕೊಂಡಾಗ ಯೆಹೆಜ್ಕೇಲ 18 ಅದನ್ನು ನಿಲ್ಲಿಸುತ್ತದೆ. ತಂದೆಯ ಪಾಪವನ್ನು ಮಗ ಹೊರುವುದಿಲ್ಲ. ಅಪ್ಪನ ತಪ್ಪಿನ ಪರಿಣಾಮ ಮಕ್ಕಳ ತನಕ ಮುಟ್ಟುತ್ತದೆ, ಅದು ನಿಜ. ಅಪರಾಧ ಮಾತ್ರ ಮಾಡಿದವನದ್ದೇ. ಹೀಗೆ ಓದಿದಾಗ ಎರಡೂ ಕೂಡಿಬರುತ್ತವೆ ಎಂದು ನನಗೆ ಅನ್ನಿಸುತ್ತದೆ.

ಹಳೇ ದೇವರು, ಹೊಸ ದೇವರು ಎಂದು ಒಡೆಯಬೇಡಿ

ಹಳೇ ಒಡಂಬಡಿಕೆಯ ದೇವರು ಸಿಡುಕ, ಯೇಸು ಸೌಮ್ಯ. ಗುಂಪಿನಲ್ಲಿ ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ. ಎರಡನೇ ಶತಮಾನದಲ್ಲಿ ಮಾರ್ಸಿಯನ್ ಎಂಬವನು ಇದನ್ನೇ ಬೋಧಿಸಿದ. ಹಳೇ ಒಡಂಬಡಿಕೆಯನ್ನು ಪೂರ್ತಿ ತೆಗೆದುಹಾಕಿ, ಕತ್ತರಿಸಿದ ಲೂಕನ ಸುವಾರ್ತೆ ಮತ್ತು ಪೌಲನ 10 ಪತ್ರಗಳನ್ನು ಮಾತ್ರ ಇಟ್ಟುಕೊಂಡ. ಕ್ರಿ.ಶ. 144ರ ಸುಮಾರಿಗೆ ರೋಮಿನ ಸಭೆ ಅವನಿಂದ ಬೇರೆಯಾಯಿತು. ಪಾಪ, ಅವನು ಇಟ್ಟುಕೊಂಡದ್ದನ್ನೂ ಕತ್ತರಿಸಬೇಕಾಯಿತು ಎನ್ನುವುದೇ ಈ ವಾದ ನಿಲ್ಲುವುದಿಲ್ಲ ಎಂದು ತೋರಿಸುತ್ತದೆ. ಹೆತ್ತ ತಾಯಿ ಮರೆತರೂ ನಾನು ಮರೆಯೆನು ಎಂಬುದು ಯೆಶಾಯನಲ್ಲಿದೆ (49:15). ಅಯ್ಯೋ ಕಪಟಿಗಳೇ ಎಂದು ಯೇಸು ಸಾಲುಸಾಲಾಗಿ ಬೈಯುವುದು ಮತ್ತಾಯ 23ರಲ್ಲಿ. ಅದೇ ಅಧ್ಯಾಯದ ಕೊನೆಯಲ್ಲಿ, ಕೋಳಿ ಮರಿಗಳನ್ನು ರೆಕ್ಕೆಯಡಿ ಕೂಡಿಸಿಕೊಳ್ಳುವಂತೆ ನಿನ್ನ ಮಕ್ಕಳನ್ನು ಕೂಡಿಸಿಕೊಳ್ಳಲು ಎಷ್ಟೋ ಸಲ ಬಯಸಿದೆ ಎಂದು ಯೆರೂಸಲೇಮಿಗಾಗಿ ಮರುಗುತ್ತಾರೆ.

ಶಿಲುಬೆಯ ಹತ್ತಿರ ನಿಧಾನ

ಕ್ರೈಸ್ತರು ಕೊನೆಗೆ ಬರುವುದು ರೋಮಾಪುರದವರಿಗೆ 3:25–26ಕ್ಕೆ. ಅಲ್ಲಿ ದೇವರು ತಾವು ನ್ಯಾಯವಂತರಾಗಿಯೂ ಯೇಸುವನ್ನು ನಂಬುವವರನ್ನು ನೀತಿವಂತರೆಂದು ಎಣಿಸುವವರಾಗಿಯೂ ಕಾಣುತ್ತಾರೆ. ಇಲ್ಲಿ ಒಂದು ಅಪಾಯ ಇದೆ. ಕೋಪಿಷ್ಠ ತಂದೆ ಹೊಡೆಯಲು ಬಂದರು, ಒಳ್ಳೆಯ ಮಗ ಅಡ್ಡ ನಿಂತ ಎಂದು ಕಥೆ ಕಟ್ಟಿಬಿಡುತ್ತೇವೆ. ಮಕ್ಕಳಿಗೆ ಹೇಳುವಾಗಲಂತೂ ಹೀಗೆ ಹೇಳಲೇಬೇಡಿ. ಮಗನನ್ನು ಕೊಟ್ಟದ್ದು ತಂದೆಯ ಪ್ರೀತಿ (ಯೋಹಾನ 3:16). ಪ್ರಕಟನೆ 6:16ರಲ್ಲಿ ಜನ ಹೆದರಿ ಓಡುವುದು ಕುರಿಮರಿಯ, ಅಂದರೆ ಯೇಸುವಿನ, ಕೋಪಕ್ಕೂ ಸಹ. ಪ್ರೀತಿ ಒಬ್ಬರದು, ಕೋಪ ಇನ್ನೊಬ್ಬರದು ಎಂದು ಹಂಚಲು ಬರುವುದಿಲ್ಲ.

ನಮ್ಮ ಪಾಪದ ಶಿಕ್ಷೆಯನ್ನು ಯೇಸು ಶಿಲುಬೆಯಲ್ಲಿ ಹೊತ್ತರು ಎಂಬ ಮಾತಿಗೆ, "ಒಬ್ಬನ ಶಿಕ್ಷೆ ಇನ್ನೊಬ್ಬನಿಗೆ ಕೊಡುವುದು ಯಾವ ನ್ಯಾಯ?" ಎಂದು ನಮ್ಮ ಹುಡುಗ ಕೇಳಿದ. ಸಂಬಂಧವಿಲ್ಲದ ಮೂರನೆಯವನಿಗೆ ಕೊಟ್ಟರೆ ಅನ್ಯಾಯವೇ. ದೇವರೇ ಕ್ರಿಸ್ತನಲ್ಲಿದ್ದು ಲೋಕವನ್ನು ಸಂಧಾನಪಡಿಸಿಕೊಂಡರು ಎನ್ನುತ್ತದೆ ಎರಡನೆಯ ಕೊರಿಂಥ 5:19. ತೀರ್ಪು ಕೊಟ್ಟವರೇ ಕಟಕಟೆಗೆ ಇಳಿದ ಹಾಗೆ. ಅವನು ಪೂರ್ತಿ ಒಪ್ಪಲಿಲ್ಲ. ಪೂರ್ವದ (ಆರ್ಥೊಡಾಕ್ಸ್) ಸಭೆಗಳು ಶಿಕ್ಷೆಗಿಂತ ಸಾವಿನ ಮೇಲಿನ ಜಯದ ಕಡೆಗೇ ಹೆಚ್ಚು ಒತ್ತು ಕೊಡುತ್ತವೆ ಎಂದು ಹೇಳಿದಾಗ ಅವನಿಗೆ ಸ್ವಲ್ಪ ಸಮಾಧಾನವಾಯಿತು.

ಬಿಡಿಸಲಾಗದ್ದಕ್ಕೆ ಒಂದು ಪುಟ

ನೋಟ್‌ಬುಕ್ಕಿನ ಕೊನೆಯ ಪುಟ ಖಾಲಿ ಇಡಿ. ಕಾನಾನಿನ ಪಟ್ಟಣಗಳಲ್ಲಿ ಉಸಿರಿರುವ ಯಾವುದನ್ನೂ ಉಳಿಸಬೇಡಿ ಎಂಬ ಧರ್ಮೋಪದೇಶಕಾಂಡ 20:16 ನನ್ನ ಪುಟದಲ್ಲಿದೆ. ನಾನು ಓದಿದ ವಿವರಣೆಗಳು ಯಾವುವೂ ಅದನ್ನು ಅಲ್ಲಿಂದ ಅಳಿಸಿಲ್ಲ. ಸಾವಿನ ಮನೆಯಲ್ಲಿ ಇರುವವರ ಮುಂದೆ ಮಾತ್ರ ಈ ನೋಟ್‌ಬುಕ್ ತೆಗೆಯಬೇಡಿ. ನೋವಿನಲ್ಲಿದ್ದ ಯೋಬನಿಗೆ ದೇವರ ನ್ಯಾಯವನ್ನು ಅಚ್ಚುಕಟ್ಟಾಗಿ ವಿವರಿಸಿದ ಅವನ ಗೆಳೆಯರ ಮೇಲೆಯೇ ಕೊನೆಗೆ ದೇವರು ಸಿಟ್ಟಾದದ್ದು (42:7). ಸಾವಿನ ಮನೆಯಲ್ಲಿ ಇರುವವರ ಜೊತೆ ನೋವಿನ ಮೊರೆಯಾದ ಕೀರ್ತನೆ 88 ಓದಿ, ಸಾಕು.

ಇಷ್ಟು ರೂಢಿಯಾದ ಮೇಲೆ ಎರಡನೆಯ ಸಮುವೇಲ 24:1 ಮತ್ತು ಒಂದನೆಯ ಪೂರ್ವಕಾಲವೃತ್ತಾಂತ 21:1 ಎರಡನ್ನೂ ಎದುರುಬದುರು ಬರೆದು ನೋಡಿ. ಜನಗಣತಿ ಮಾಡಲು ದಾವೀದನನ್ನು ಪ್ರೇರೇಪಿಸಿದ್ದು ಯಾರು ಎಂದು ಎರಡು ಕಡೆ ಎರಡು ಉತ್ತರ ಇದೆ. ಅದಕ್ಕೆ ಬೇರೆಯೇ ಒಂದು ಸಂಜೆ ಇಟ್ಟುಕೊಳ್ಳಿ.